ಗೀಸರಿನ ಬಾಯಿಗೆ ಬಿರಡೆ

ಯಾರದೋ ಮನೆಯ ಸಿಂಕಿನ ಕೆಳಗೆ ಮಲಗಿ ಪೈಪು ಬಿಗಿಯುತ್ತಿದ್ದ ಪ್ಲಂಬರನ ಕೈ ಸಟ್ಟನೆ ನಿಂತಿತು. ಬೆಳಿಗ್ಗೆ ಅಕ್ಕನ ಮನೆಯಲ್ಲಿ ಮಾಡಿಬಂದ ಕೆಲಸ ನೆನಪಾಯಿತು.

ನಲ್ಲಿಯಲ್ಲಿ ನೀರು ದಾರದ ಹಾಗೆ ಬರುತ್ತದೆ, ಬಾಣಂತಿ ಮಗಳಿಗೂ ಅವಳ ಕೂಸಿಗೂ ಸ್ನಾನ ಮಾಡಿಸುವುದು ಹೇಗೆ ಎಂದು ಅಕ್ಕ ವಾರದಿಂದ ತಲೆ ತಿನ್ನುತ್ತಿದ್ದಳು. ಊರಿಗೆಲ್ಲ ನೀರು ಹರಿಸುವವನಿಗೆ ಒಡಹುಟ್ಟಿದವಳ ಮನೆಗೆ ಹೋಗಲು ಪುರುಸೊತ್ತಿರಲಿಲ್ಲ. ಕೊನೆಗೂ ಹೋಗಿ ಪ್ರೆಷರ್ ಪಂಪು ಕೂರಿಸಿದ. ನೀರು ಭೋರೆಂದು ಬಂತು, ಜೊತೆಗೇ ಒತ್ತಡ ಹೆಚ್ಚಾದರೆ ನೀರು ಹೊರಬಿಡುವ ಗೀಸರಿನ ಸೇಫ್ಟಿ ವಾಲ್ವ್ ತೊಟ್ಟಿಕ್ಕತೊಡಗಿತು.

"ಒಂದು ಸರಿ ಮಾಡೋಕೆ ಹೋಗಿ ಇನ್ನೊಂದು ಕೆಡಿಸಿದೆಯಲ್ಲೋ," ಎಂದಳು ಅಕ್ಕ.

ಅವಳ ಬಾಯಿಗೆ ಹೆದರಿ ವಾಲ್ವಿನ ಬಾಯಿಗೆ ಬಿರಡೆ ಜಡಿದ. ಹೊಸದು ತರುವ ತನಕ, ಪಂಪು ಕೂರಿಸಿ ವಾಲ್ವ್ ತೊಟ್ಟಿಕ್ಕಿದ ಎಲ್ಲ ಮನೆಗಳಲ್ಲೂ ಅವನು ಮಾಡುವುದು ಅದನ್ನೇ. ಪಂಪು ಇಲ್ಲದಾಗ ಕಾದು ಹಿಗ್ಗಿದ ನೀರು ಟ್ಯಾಂಕಿನ ಕಡೆಗೆ ಹಿಂದೆ ಸರಿಯುತ್ತಿತ್ತು. ಈಗ ಪಂಪು ಹಿಂದಕ್ಕೆ ಬಿಡುವುದಿಲ್ಲ, ಬಿರಡೆ ಹೊರಕ್ಕೆ ಬಿಡುವುದಿಲ್ಲ. ಸಾಲದ್ದಕ್ಕೆ ಅದು ಹಳೇ ಗೀಸರು. ತಾನಾಗಿ ಆಫ್ ಆಗುವುದನ್ನು ಮರೆತು ವರ್ಷವಾಗಿತ್ತು. ಹಾಕಿ ಬಿಟ್ಟರೆ ಕುದಿದು ಸಿಡಿಯುವುದೇ.

ಸಿಂಕಿನ ಕೆಳಗಿಂದ ಎದ್ದು ಫೋನ್ ಮಾಡಿದ. ಅಕ್ಕ ಎತ್ತಲಿಲ್ಲ. ಕೂಸು ಮಲಗಿದ್ದರೆ ಅವಳು ಫೋನನ್ನು ಸೈಲೆಂಟ್‌ಗೆ ಹಾಕಿಡುತ್ತಾಳೆ. ಹತಾರಗಳನ್ನು ಅಲ್ಲೇ ಬಿಟ್ಟು ಬೈಕ್ ಹತ್ತಿದ.

ಬಾಗಿಲು ತೆರೆದೇ ಇತ್ತು. ಬಚ್ಚಲಿನಲ್ಲಿ ಅಕ್ಕನ ಮಗಳು ಸ್ಟೂಲಿನ ಮೇಲೆ ಕೂತು ಕೂಸಿನ ಬಟ್ಟೆ ಬಿಚ್ಚುತ್ತಿದ್ದಳು. ಅವಳ ತಲೆಯ ಮೇಲೆ ಗೀಸರು ಗೊರಗೊರ ಎನ್ನುತ್ತಿತ್ತು. ಅವನು ಮೊದಲು ಮೇನ್ ಸ್ವಿಚ್ ಆರಿಸಿದ.

"ಕೂಸನ್ನ ಎತ್ಕೊಂಡು ಹೊರಗೆ ಬಾ ಪುಟ್ಟಿ."

"ಯಾಕೆ ಮಾವ, ಏನಾಯ್ತು?"

"ಬಾ ಅಂದ್ನಲ್ಲ."

ಅವರು ಹೊರಬಿದ್ದ ಮೇಲೆ ಗೋಡೆಯ ಮರೆಯಲ್ಲಿ ನಿಂತು, ಕೈಯಷ್ಟೇ ಚಾಚಿ ಬಿಸಿನೀರಿನ ನಲ್ಲಿ ತಿರುಗಿಸಿದ. ಹಬೆ ನುಗ್ಗಿ ಬಕೆಟ್ಟನ್ನು ಎದುರು ಗೋಡೆಗೆ ಅಪ್ಪಳಿಸಿತು. ಸದ್ದು ಅಡಗುವ ತನಕ ಅವನು ಗೋಡೆಯ ಮರೆ ಬಿಡಲಿಲ್ಲ.

ಟವೆಲ್ ಹಿಡಿದು ಓಡಿಬಂದ ಅಕ್ಕನಿಗೆ ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದ. ಅವಳು ಬಯ್ಯಲಿಲ್ಲ. ಕೂಸನ್ನು ಎದೆಗವಚಿಕೊಂಡು, "ಇನ್ನೆಷ್ಟು ಮನೇಲಿ ಹೀಗೆ ಮಾಡಿದ್ದೀಯೋ?" ಎಂದಷ್ಟೇ ಕೇಳಿದಳು.

ಅವನು ಹೊಸ್ತಿಲ ಮೇಲೆ ಕೂತ. ಫೋನಿನಲ್ಲಿದ್ದ ಹೆಸರುಗಳನ್ನು ಸರಿಸುತ್ತ ಹೋದ. ಯಾರ ಮನೆಗೆ ಹೊಸ ವಾಲ್ವ್ ಹಾಕಿದ್ದೆ, ಯಾರ ಮನೆಗೆ ಇಲ್ಲ, ಒಂದೂ ನೆನಪಾಗಲಿಲ್ಲ. ಮೊದಲ ನಂಬರು ಒತ್ತಿದ.

"ಒಂದು ನಿಮಿಷ ಇರಿ," ಎಂದಳು ಆ ಮನೆಯವಳು, "ಮಕ್ಕಳ ಸ್ನಾನಕ್ಕೆ ಗೀಸರ್ ಹಾಕಿ ಬರ್ತೀನಿ."