ಹಿಡಿಗೆ ಸುತ್ತಿದ ಬಟ್ಟೆ

ಇನ್ನು ಮೇಲೆ ಹಲಾಲ್ ಮಾಲು ಮಾತ್ರ ತಯಾರಿಸುವುದೆಂದು ಕಾರ್ಖಾನೆಯವರು ತೀರ್ಮಾನಿಸಿದರು. ಇಷ್ಟು ವರ್ಷ ಹಂದಿಮಾಂಸ ಅರೆದ ಕೀಮಾ ಮೆಷೀನನ್ನು ಶುದ್ಧಿ ಮಾಡಿಸಲು ಧರ್ಮದ ಕ್ರಮ ತಿಳಿದವರೊಬ್ಬರನ್ನು ಕರೆಸಿದರು. ನೋಡಿದರೆ, ಬಂದವರು ಅಲ್ಲಿ ತೊಳೆಯುವ ಕೆಲಸದವಳ ಭಾವ, ಅವಳ ಸತ್ತ ಗಂಡನ ಅಣ್ಣ. ಇಷ್ಟು ದೊಡ್ಡ ಊರಲ್ಲಿ ಇವರೇ ಸಿಗಬೇಕಿತ್ತೇ ಎಂದು, ಬಕೆಟ್ ಹಿಡಿದು ನಿಂತಿದ್ದ ಅವಳಿಗೆ ಹೊಟ್ಟೆ ಉರಿಯಿತು.

ಆ ಮೆಷೀನು ನಡೆಸುತ್ತಿದ್ದವನು ಅವಳ ಗಂಡನೇ. ಹಳೇ ಕೆಲಸ ಹೋಗಿ, ಮನೆಯಲ್ಲಿ ಒಲೆ ಹಚ್ಚುವುದೇ ಕಷ್ಟವಾದಾಗ ಇಲ್ಲಿ ಸೇರಿದ್ದ. ಹಂದಿ ಮುಟ್ಟುವವನೆಂದು ಅಂದಿನಿಂದ ಅಣ್ಣ ತಮ್ಮನ ಹೊಸ್ತಿಲು ತುಳಿಯಲಿಲ್ಲ. ಒಮ್ಮೆ ರಸ್ತೆಯಲ್ಲಿ ಸಿಕ್ಕಾಗ ತಮ್ಮ ನಗುತ್ತಾ ಕೈ ಚಾಚಿದರೆ, ಅಣ್ಣ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. ಆವತ್ತು ಗಂಡ ನಲ್ಲಿಯ ಕೆಳಗೆ ಕೈ ತಿಕ್ಕುತ್ತಲೇ ನಿಂತಿದ್ದ. ಊಟಕ್ಕೆ ಕರೆದರೆ ಹಸಿವಿಲ್ಲ ಎಂದ. ಮುಂದೆ ಒಂದು ದಿನ ಎದೆ ಹಿಡಿದುಕೊಂಡು ಈ ಮೆಷೀನಿನ ಪಕ್ಕದಲ್ಲೇ ಕುಸಿದ. ಭಾವ ಮಣ್ಣಿಗೆ ಮಾತ್ರ ಬಂದು ಹೋದರು. ಅವಳಿಗೆ ಇಲ್ಲೇ ತೊಳೆಯುವ ಕೆಲಸ ಸಿಕ್ಕಿತು.

ಬಿಡಿಭಾಗಗಳನ್ನೆಲ್ಲ ಕಳಚಿ, ಬಿಸಿನೀರಲ್ಲಿ ಜಿಡ್ಡು ತೆಗೆದಾಗಿತ್ತು. ಇನ್ನು ಶುದ್ಧಿಗೆ ಒಂದು ಸಲ ಮಣ್ಣು ಕಲಸಿದ ನೀರು, ಆರು ಸಲ ಬರೀ ನೀರು. ಬಿಚ್ಚಲು ಉಳಿದದ್ದು ಮೆಷೀನಿನ ಹಿಡಿ ಒಂದೇ. ಕೈ ಜಾರದಿರಲೆಂದು ಗಂಡ ಅದಕ್ಕೆ ಬಟ್ಟೆ ಸುತ್ತಿದ್ದ. ದಿನಾ ಕೆಲಸ ಮುಗಿದ ಮೇಲೆ ಅವಳು ಅದನ್ನೊಮ್ಮೆ ಹಿಡಿದು ಮನೆಗೆ ಹೋಗುತ್ತಿದ್ದಳು.

"ಅದನ್ನೂ ಬಿಚ್ಚಮ್ಮಾ" ಎಂದರು ಭಾವ.

"ಅದೊಂದು ಇರ್ಲಿ ಭಾವ. ನಿಮ್ಮ ಕಾಲಿಗೆ ಬೀಳ್ತೀನಿ."

"ನೀರು ಕಬ್ಬಿಣಕ್ಕೇ ತಾಗ್ಬೇಕು. ಬಟ್ಟೆ ಅಡ್ಡ ಇದ್ರೆ ತೊಳೆದಂಗಾಗಲ್ಲ."

ಅವಳು ಅಲುಗಾಡಲಿಲ್ಲ. ಕೈಗೆ ಹಾಕಿದ್ದ ಗ್ಲೌಸು ಜಾರುತ್ತದೆಂದು ಭಾವ ಅದನ್ನು ಕಿತ್ತೆಸೆದು, ಬರಿಗೈಯಲ್ಲೇ ಬಟ್ಟೆ ಎಳೆದರು. ಜಿಡ್ಡು ಹೀರಿ ಗಟ್ಟಿಯಾಗಿದ್ದ ಬಟ್ಟೆ ಇಡಿಯಾಗಿ ಕೈಗೆ ಬಂತು. ಅದರ ಮೇಲೆ ಬೆರಳುಗಳು ಒತ್ತಿ ಒತ್ತಿ ಆದ ಕುಳಿಗಳಿದ್ದವು. ಮೂರೇ ಕುಳಿ. ಕಿರುಬೆರಳಿನ ಜಾಗ ನುಣ್ಣಗಿತ್ತು.

ಭಾವನ ಮುಖ ಬಿಳಿಚಿತು. ತಮ್ಮನ ಆ ಬೆರಳು ಚಿಕ್ಕಂದಿನಿಂದಲೂ ಮಡಚುತ್ತಿರಲಿಲ್ಲ. ಸೈಕಲ್ಲಿನಿಂದ ಬಿದ್ದು ಹಾಗಾದದ್ದು. ಆವತ್ತು ಅವನನ್ನು ಹಿಂದೆ ಕೂರಿಸಿಕೊಂಡು ಸೈಕಲ್ ತುಳಿಯುತ್ತಿದ್ದವರು ಇವರೇ.

"ಇದು ಅವನ್ದು..." ಎಂದರು.

ಬಟ್ಟೆಯನ್ನು ಅವಳ ಕೈಯಲ್ಲಿಟ್ಟು, ಹಂದಿಯ ಜಿಡ್ಡು ಮೆತ್ತಿದ ಸ್ವಂತ ಕೈಗಳನ್ನು ನೋಡಿಕೊಂಡರು. "ನೀರು ಹಾಕಮ್ಮಾ."

ಅವಳು ಬಟ್ಟೆಯನ್ನು ಕಂಕುಳಲ್ಲಿ ಅವುಚಿಕೊಂಡು, ಮೊದಲು ಮಣ್ಣುನೀರು ಹುಯ್ದಳು. ಆಮೇಲೆ ಬರೀ ನೀರು. ಭಾವ ಉಗುರಿನ ಸಂದಿಯನ್ನೂ ಬಿಡದೆ ತಿಕ್ಕಿಕೊಂಡರು. ಕೊನೆಯ ಚೊಂಬು ಖಾಲಿಯಾಯಿತು.

"ಆಯ್ತಾ ಭಾವ?"

"ಆಯ್ತು. ಶುದ್ಧ ಆಯ್ತು."

"ಇಷ್ಟೇನಾ?"

ಅವಳು ಚುಚ್ಚಬೇಕೆಂದು ಕೇಳಿದ್ದಲ್ಲ. ನಿಜವಾಗಿಯೂ ಅವಳಿಗೆ ಗೊತ್ತಿರಲಿಲ್ಲ. ಇಷ್ಟೇ ಎಂದಾಗಿದ್ದರೆ ಗಂಡ ಅಷ್ಟೆಲ್ಲ ಯಾಕೆ ಕೊರಗಬೇಕಿತ್ತು?

"ಇಷ್ಟೇ ಕಣಮ್ಮಾ" ಎಂದರು ಭಾವ. ಅವರು ಅಳುತ್ತಿದ್ದರು. "ಯಾವಾಗ್ಲೂ ಇಷ್ಟೇ ಇತ್ತು."

ಒದ್ದೆ ಕೈಗಳನ್ನು ಮುಂದೆ ಚಾಚಿಕೊಂಡು ಅವರು ಮೆಷೀನಿನ ಎದುರು ನಿಂತೇ ಇದ್ದರು. ಹಿಡಿಯಬೇಕಾದವನು ಅಲ್ಲಿರಲಿಲ್ಲ.