ಮೂರನೆಯ ಪ್ರತಿ

"ಕೈ ಚಾಚ್ಲಾ, ಲಾಯರ್ ಬೋಳಿಮಗನೆ! ಹತ್ತಿ ಬಿಡ್ಸಾಕ್ ನೋಯೋ ಬೆರಳು ಅರ್ಜಿ ಬರೆಯಾಕ್ ನೋಯಕ್ಕಿಲ್ವಾ?"

ಕಾವಲಿನವರ ಕ್ಯಾಪ್ಟನ್ ಟಾರ್ವರ್ ಕುದುರೆಯಿಂದ ಇಳಿದ. ಹತ್ತಿಯ ಸಾಲಿನಲ್ಲಿ ಮಂಡಿಯೂರಿದ್ದ ಕೈದಿ ರೋಜೆಲ್ ಬಲಗೈಯನ್ನು ಮಣ್ಣಿನ ಮೇಲೆ ಚಾಚಿದ. ಅರವತ್ತು ದಾಟಿದ ಕರಿಯ ಕೈ. ಮಿಸಿಸಿಪ್ಪಿ ನದಿಯ ತಿರುವಿನ ಆ ಜೈಲುಹೊಲದಲ್ಲಿ ಮೂವತ್ತು ವರ್ಷ ಹತ್ತಿ ಬಿಡಿಸಿ, ಬಿಡುವಿನಲ್ಲಿ ಕಾನೂನಿನ ಕೈಪಿಡಿ ತಿರುವಿ, ಅಕ್ಷರ ಬಾರದವರ ಅಳಲನ್ನೆಲ್ಲ ಬರೆದ ಕೈ.

ಟಾರ್ವರ್ ಜೀನಿನ ಚೀಲದಿಂದ ಆ ಕೈಪಿಡಿಯನ್ನು ಎಳೆದು, ಹರಿದು ಕುದುರೆಯ ಗೊರಸಿನಡಿ ಎಸೆದ. ಆಮೇಲೆ ಎರಡು ಕಾಗದ ಆಡಿಸಿದ.

"ನಿನ್ ಹಾಸಿಗೇಲೊಂದು, ಆ ಒಕ್ಕಣ್ಣನ ಹಾಸಿಗೇಲೊಂದು. ಮೂರು ಪ್ರತಿ ಬರೀತೀಯಂತೆ. ಇನ್ನೊಂದೆಲ್ಲೋ?"

ಒಕ್ಕಣ್ಣನೆಂದರೆ ಜೊತೆಯ ಕೈದಿ ಆಲ್ಸಿಡ್. ಅವನ ಎಡಗಣ್ಣನ್ನು ಲಾಠಿಯಿಂದ ಒಡೆದವನು ಇದೇ ಟಾರ್ವರ್. ಏಟು ಬಿದ್ದ ಹದಿನೈದು ದಿನದೊಳಗೆ ದೂರುಪೆಟ್ಟಿಗೆಗೆ ಕಾಗದ ಬೀಳದಿದ್ದರೆ ಆ ಕಣ್ಣಿಗೆ ಯಾವ ಕೋರ್ಟಿನ ಬಾಗಿಲೂ ತೆರೆಯದು. ಆಲ್ಸಿಡ್ ಆಸ್ಪತ್ರೆಯಿಂದ ಬಂದು ಸಹಿ ಹಾಕಿದ್ದೇ ಇವತ್ತು ಬೆಳಿಗ್ಗೆ. ಇವತ್ತು ಹದಿನೈದನೆಯ ದಿನ.

"ಎರಡೇ, ಬಾಸು."

ಬೂಟಿನ ಹಿಮ್ಮಡಿ ಇಳಿಯಿತು. ಒಣಗಿದ ಹತ್ತಿಕಡ್ಡಿ ಮುರಿದ ಹಾಗೆ ಸದ್ದು.

"ಎಲ್ಲೋ?"

"ಎರಡೇ..."

ಇನ್ನೊಂದು ಬೆರಳು. ಮತ್ತೊಂದು.

ರಾಕ್ಷಸ ತನ್ನ ಪ್ರಾಣವನ್ನು ಏಳು ಸಮುದ್ರದಾಚೆಯ ಗಿಳಿಯಲ್ಲಿ ಬಚ್ಚಿಡುತ್ತಿದ್ದನಂತೆ. ರೋಜೆಲ್ ತನ್ನ ಮೂರನೆಯ ಪ್ರತಿಯನ್ನು ವೈರಿಯ ಹತ್ತಿರ ಇಡುತ್ತಿದ್ದ. ಕಾವಲಿನವರು ಗೆಳೆಯರ ಹಾಸಿಗೆಯನ್ನಷ್ಟೇ ಹರಿಯುತ್ತಾರೆ. ಈ ಸಲದ ವೈರಿ ಹಾಲಿಸ್. ಅದು ನಾಟಕದ ವೈರವಲ್ಲ. ಹಾಲಿಸನ ಅಪೀಲನ್ನು ಒಂದು ದಿನ ತಡವಾಗಿ ಕಳಿಸಿ ಮಣ್ಣುಪಾಲು ಮಾಡಿದ್ದವನು ರೋಜೆಲ್ಲೇ. ಕಾಗದ ಕೊಟ್ಟಾಗ ಹಾಲಿಸ್ ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲಿಲ್ಲ.

ಸಂಜೆ ಊಟದ ಮನೆ. ಬಾಗಿಲ ಪಕ್ಕದ ಕಬ್ಬಿಣದ ದೂರುಪೆಟ್ಟಿಗೆಗೆ ಒರಗಿ ಟಾರ್ವರ್ ನಿಂತಿದ್ದ. ರೋಜೆಲ್ಲನ ಕೈ ಬದನೆಕಾಯಿಯಂತೆ ಊದಿ ತಟ್ಟೆಯ ಪಕ್ಕ ಬಿದ್ದಿತ್ತು. ಪಕ್ಕದಲ್ಲಿ ಆಲ್ಸಿಡ್ ಜೋಳದ ರೊಟ್ಟಿ ಮುಟ್ಟದೆ ಕೂತಿದ್ದ.

ಹಾಲಿಸ್ ಎದ್ದು ಬಂದ. ರೋಜೆಲ್ಲನ ತಟ್ಟೆಗೆ ಉಗಿದ.

"ಥೂ, ಮುದಿ ಸೂಳೆಮಗನೆ! ಒಂದೇ ದಿನ ತಡ ಮಾಡಿ ನನ್ನ ಬದುಕೇ ನುಂಗ್ಬಿಟ್ಟೆ!"

"ಹಾಕು ಎರಡು!" ಟಾರ್ವರ್ ನಗುತ್ತ ಪೆಟ್ಟಿಗೆ ಬಿಟ್ಟು ಮುಂದೆ ಬಂದ.

ಹಾಲಿಸ್ ಅವನನ್ನು ಬಳಸಿ ನಡೆದ. ಬಗ್ಗಿ ಬೂಟಿನಿಂದ ಮಡಿಸಿದ ಕಾಗದ ತೆಗೆದ. ಪೆಟ್ಟಿಗೆಯ ಸೀಳಿಗೆ ತುರುಕಿದ. ಅದರ ಬೀಗದ ಕೈ ಟಾರ್ವರ್‌ನ ಬಳಿ ಇರಲಿಲ್ಲ, ಪಟ್ಟಣದ ಕಚೇರಿಯಲ್ಲಿತ್ತು.

"ಇದು ತಡ ಆಗ್ಲಿಲ್ಲ ನೋಡ್ಲಾ, ಮುದುಕ," ಅಂದ.

ಲಾಠಿ ಅವನ ದವಡೆಗೆ ಬಿತ್ತು. ಹಲ್ಲುಗಳು ಜೋಳದ ಕಾಳಿನಂತೆ ನೆಲಕ್ಕೆ ಚೆಲ್ಲಿದವು. ಬಿದ್ದ ಮೇಲೂ ಏಟು ನಿಲ್ಲಲಿಲ್ಲ. ಟಾರ್ವರ್‌ಗೆ ಉಸಿರು ಕಟ್ಟಿದಾಗ ನಿಂತಿತು.

ರೋಜೆಲ್ ಹೋಗಿ ರಕ್ತದಲ್ಲಿ ಕೂತ. ತುಂಡು ಪೆನ್ಸಿಲನ್ನು ಎಡಗೈಗೆ ಸಿಕ್ಕಿಸಿಕೊಂಡ.

"ಹೇಳಪ್ಪ ಹಾಲಿಸ್, ಮೊದಲ್ನೇ ಏಟು ಎಲ್ ಬಿತ್ತು?"

ಹಾಲಿಸ್ ಒಡೆದ ದವಡೆಗೆ ಬೆರಳಿಟ್ಟು ತೋರಿಸಿದ.

ಅಕ್ಷರ ತಿದ್ದುವ ಮಗುವಿನ ಬರಹದಂತೆ ಸೊಟ್ಟಸೊಟ್ಟಗೆ ಕಾಗದದ ಮೇಲೆ ಮೂಡಿತು: ದೂರು. ಮೊದಲನೆಯ ದಿನ.

ಟಾರ್ವರ್ ಆ ಎಡಗೈಯನ್ನು ನೋಡಿದ. ರೋಜೆಲ್ ತಲೆ ಎತ್ತಲಿಲ್ಲ. ಎರಡನೆಯ ಏಟಿನ ಬಗ್ಗೆ ಕೇಳುತ್ತಿದ್ದ.