ದರ್ಜಿ ಹಾಕಿದ ಗಂಟು

ಮೂವತ್ತು ವರ್ಷ ಪಾರ್ಕಿನಲ್ಲಿ ಮಾಲಿಯಾಗಿದ್ದವನು ನಾನು. ಗಿಡಕ್ಕೆ ಚಿಂದಿ ಸಿಕ್ಕಿಕೊಂಡಿದ್ದು ಕಂಡರೆ ಕೈ ಸುಮ್ಮನಿರುವುದಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ; ನನ್ನದು ಸಂಬಳಕ್ಕೆ ಕಲಿತ ಗುಣ, ಅದೂ ಹೋಗಲಿಲ್ಲ.

ಆ ಭಾನುವಾರ ಅಣ್ಣನೂ ನಾನೂ ಊರ ಹಿಂದಿನ ಬೆಟ್ಟ ಹತ್ತಲು ಹೋದೆವು. ಅಣ್ಣ ದರ್ಜಿ. ಇತ್ತೀಚೆಗೆ ಸೂಜಿಗೆ ದಾರ ಪೋಣಿಸಲು ಅತ್ತಿಗೆಯನ್ನು ಕರೆಯುತ್ತಿದ್ದ. ಕನ್ನಡಕ ಬದಲಾಯಿಸಿದರೆ ಸಾಕು ಎಂದು ಡಾಕ್ಟರು ಹೇಳಿದ್ದರೂ, ಕಣ್ಣು ಹೋದರೆ ಕತ್ತರಿ ಹಿಡಿಯುವುದು ಹೇಗೆ ಎಂಬ ಭಯ ಅವನನ್ನು ತಿನ್ನುತ್ತಿತ್ತು.

ಎಲ್ಲರೂ ಹತ್ತುವ ದಾರಿ ಬಿಟ್ಟು ಪೊದೆಗಳ ನಡುವೆ ನುಗ್ಗಿದೆವು. ಅಣ್ಣ ಮುಂದೆ, ನಾನು ಹಿಂದೆ. ಅಲ್ಲಲ್ಲಿ ನಿಂತು ಅವನು ಜೇಬಿನಿಂದ ಕೆಂಪು ಬಟ್ಟೆಯ ಚೂರು ತೆಗೆದು ಕೊಂಬೆಗೆ ಕಟ್ಟುತ್ತಿದ್ದ. ಗುರುತಿಗಂತೆ.

"ಇಳಿಯೋಕೆ ಗುರುತು ಯಾಕಣ್ಣಾ? ಕಾಲು ಜಾರಿದ್ರೂ ಊರಿಗೇ ಬೀಳ್ತೀವಿ," ಅಂದೆ.

ಅವನು ಕೇಳಲಿಲ್ಲ. ವಾದ ಯಾರಿಗೆ ಬೇಕು? ಅವನು ಕಟ್ಟಿದ್ದನ್ನೆಲ್ಲ ನಾನು ಹಿಂದಿನಿಂದ ಸದ್ದಿಲ್ಲದೆ ಬಿಚ್ಚಿ ಚೀಲಕ್ಕೆ ಹಾಕಿದೆ. ಹದಿನೇಳು ಚೂರು.

ಮಧ್ಯಾಹ್ನ ಒಂದು ಚಪ್ಪಟೆ ಬಂಡೆ ಸಿಕ್ಕಿತು. ಪಕ್ಕದಲ್ಲೇ ಅಂಗೈಯಗಲದ ಒರತೆ, ಕೆಳಗೆ ಊರಿನ ಸೂರುಗಳು. ಅಣ್ಣ ಮಗುವಿನ ಹಾಗೆ ಚಪ್ಪಾಳೆ ತಟ್ಟಿದ.

"ಮುಂದಿನ ವಾರ ನಿಮ್ಮತ್ತಿಗೇನ ಕರ್ಕೊಂಡು ಬರ್ತೀನಿ. ಮದುವೆಯಾದಾಗಿಂದ ಅಂಗಡಿ, ಅಡುಗೆಮನೆ ಬಿಟ್ಟು ಏನು ನೋಡಿದಾಳೆ? ಗುರುತಿದೆಯಲ್ಲ, ನಾವಿಬ್ಬರೇ ಬರ್ತೀವಿ."

ಆಗಲೇ ಹೇಳಬೇಕಿತ್ತು. ಬೈದರೆ ಬೈಯಲಿ ಎಂದು ಚೀಲ ತೆರೆದು ತೋರಿಸಬೇಕಿತ್ತು. ಇಷ್ಟು ಖುಷಿಯಲ್ಲಿದ್ದಾನೆ, ನಾಳೆ ಹೇಳಿದರಾಯಿತು ಎಂದುಕೊಂಡೆ. ಹಳ್ಳದ ಜಾಡೇ ಸುಲಭ ಎಂದು ಪುಸಲಾಯಿಸಿ ಬೇರೆ ಕಡೆಯಿಂದ ಇಳಿಸಿದೆ. ನಾಳೆ ಬಂತು, ನಾಡಿದ್ದೂ ಬಂತು, ನಾನು ಬಾಯಿ ಬಿಡಲಿಲ್ಲ.

ಮುಂದಿನ ಭಾನುವಾರ ಅವರಿಬ್ಬರೂ ಹೋಗಿ, ಸಂಜೆ ಮುಖ ಬಾಡಿಸಿಕೊಂಡು ಬಂದರು.

"ಒಂದೂ ಕಾಣ್ಲಿಲ್ಲ ಕಣೋ," ಅಂದ ಅಣ್ಣ. "ಕಾಣಲಿ ಅಂತಲೇ ಕೆಂಪು ಆರಿಸಿದ್ದೆ. ಇವಳು ಪಾಪ, ಅಲ್ಲಿ ಬಟ್ಟೆನೇ ಇಲ್ಲ ಕಣ್ರೀ ಅಂತ ನನ್ನ ಸಮಾಧಾನಕ್ಕೆ ಹೇಳ್ತಿದ್ಲು. ಕೈಗೆಟುಕೋ ಕೆಂಪೇ ಕಾಣದವನು ಜನರ ಬಟ್ಟೆ ಕತ್ತರಿಸಬಹುದಾ?"

"ಗಾಳಿಗೆ ಹಾರಿಹೋಗಿರುತ್ತೆ ಬಿಡಣ್ಣಾ."

"ದರ್ಜಿ ಹಾಕಿದ ಗಂಟು ಗಾಳಿಗೆ ಬಿಚ್ಚುತ್ತೇನೋ?" ಎಂದು ನಕ್ಕ. ನಾನೂ ಜೊತೆಗೆ ನಕ್ಕೆ. ಇಂಥ ಹೇಡಿ ನಾನು.

ಬುಧವಾರ ಅಂಗಡಿ ಮುಚ್ಚಿದ. ನೇರ ನನ್ನ ಮನೆಗೆ ಬಂದು ಮೇಜಿನ ಮೇಲೆ ತನ್ನ ಕತ್ತರಿ ಇಟ್ಟ. ಅದರಲ್ಲಿ ಒಂದು ಕಾಗದ ಕತ್ತರಿಸಿದರೂ ಮಕ್ಕಳಿಗೆ ಏಟು ಬೀಳುತ್ತಿತ್ತು.

"ಗಿಡ ಕತ್ತರಿಸೋಕೆ ಇಟ್ಕೋ," ಅಂದ.

ಕೆಂಪು ಚೂರುಗಳಿದ್ದ ಚೀಲ ಅವನ ಬೆನ್ನ ಹಿಂದೆ ಗೂಟದಲ್ಲೇ ನೇತಾಡುತ್ತಿತ್ತು. ಹೇಳಿಬಿಡು, ಈಗಲಾದರೂ ಹೇಳಿಬಿಡು ಎಂದು ಒಳಗೊಳಗೇ ಒದ್ದಾಡಿದೆ. ಆಮೇಲೆ ಕೈ ಚಾಚಿ ಕತ್ತರಿ ತೆಗೆದುಕೊಂಡೆ.